ನೀಲಪ್ಪನ ಹಿಮ್ಮಡಿ

ಸಂಪಗಾಂವದ ಹೊರಗೆ, ಹಿಂದೆ ಸರ್ಕಾರದ ಕುದುರೆ ಕಟ್ಟುತ್ತಿದ್ದ ಉದ್ದನೆಯ ಲಾಯದಲ್ಲಿ ಹವಾಲ್ದಾರ ಮುದಕಪ್ಪ ಹುಡುಗರ ಸಾಲೆ ನಡೆಸುತ್ತಿದ್ದ. ಇಪ್ಪತ್ತೆರಡು ವರ್ಷ ಪಲ್ಟಣದಲ್ಲಿದ್ದು ಪೆನ್ಶನ್ ಮೇಲೆ ಬಂದವನಿಗೆ ಸುಮ್ಮನೆ ಕೂರಲಿಕ್ಕೆ ಆಗಲಿಲ್ಲ. ಕಳವು ಮಾಡಿ ಸಿಕ್ಕಿಬಿದ್ದ ಸಣ್ಣ ಹುಡುಗರನ್ನು ದೊಡ್ಡ ಕೈದಿಗಳ ನಡುವೆ ಜೇಲಿಗೆ ದೂಡಬೇಡಿರಿ, ನನ್ನ ಕೈಗೆ ಕೊಡಿರಿ, ಎರಡು ವರ್ಷದಲ್ಲಿ ತಿದ್ದಿ ಕೊಡುತ್ತೇನೆ ಎಂದು ಜಿಲ್ಲೆಯ ಸಾಹೇಬರ ಬೆನ್ನು ಹತ್ತಿ ಒಪ್ಪಿಸಿದ್ದ. ನಸುಕಿಗೆ ಕಹಳೆ, ಆಮೇಲೆ ಕವಾಯತು, ಮಧ್ಯಾಹ್ನ ಓದು-ಬರಹ, ಇಳಿಹೊತ್ತಿನಲ್ಲಿ ಹೊಲದ ಕೆಲಸ. ಹದಿನಾರು ಹುಡುಗರು ಅಲ್ಲೇ ಉಂಡು ಅಲ್ಲೇ ಮಲಗುತ್ತಿದ್ದರು. ಅಡಿಗೆ ಅವನ ಹೆಂಡತಿ ಕರೆವ್ವನದು.

ಮೊದಮೊದಲು ಕರೆವ್ವ ಆ ಹುಡುಗರಿಗೆ ಅಂಜಿ ಬೆಲ್ಲದ ಗಡಿಗೆಯನ್ನು ಪೆಟ್ಟಿಗೆಯೊಳಗಿಟ್ಟು ಕೀಲಿ ಹಾಕುತ್ತಿದ್ದಳು. ಮೂರು ತಿಂಗಳು ಕಳೆಯುವಷ್ಟರಲ್ಲಿ ಯಾರಿಗೆ ಮೊಸರು ಸೇರುವುದಿಲ್ಲ, ಯಾರು ನಿದ್ದೆಯಲ್ಲಿ ಕನವರಿಸುತ್ತಾರೆ ಎಂಬುದೆಲ್ಲ ಅವಳಿಗೆ ಬಾಯಿಪಾಠವಾಗಿತ್ತು. ಕೈಗೆ ಸಿಗದವನೆಂದರೆ ನೀಲಪ್ಪ ಒಬ್ಬನೇ. ರಾಮದುರ್ಗದವನು, ಹದಿನಾಲ್ಕು ತುಂಬಿತ್ತು. ಬೈಲಹೊಂಗಲದ ಪೇಟೆಯಲ್ಲಿ ಅಂಡಿಗೆಯ ಗೋಣಿ ಕೊಯ್ದು ಹತ್ತಿ ಕದಿಯುವಾಗ ಸಿಕ್ಕವನು. ಕೇಳಿದ್ದಕ್ಕೆಲ್ಲ ‘ಹೂಂ’ ಇಲ್ಲವೆ ‘ಉಹೂಂ’, ಅಷ್ಟೇ.

ಆ ವರ್ಷ ಮಳೆಗಾಲ ಮುಗಿಯುತ್ತಲೇ ಬೆಳಗಾವಿಯಿಂದ ಒಂದು ಗಾಡಿ ಬೂಟು ಬಂದವು. ಪಲ್ಟಣದವರು ಹಾಕಿ ಬಿಟ್ಟ ಹಳೆಯ ಬೂಟುಗಳು. ಮುದಕಪ್ಪ ಯಾರ್‍ಯಾರದೋ ಕೈಕಾಲು ಹಿಡಿದು ತರಿಸಿದ್ದ. ಹುಡುಗರಿಗೆ ತೊಡಿಸಿ ನಿಲ್ಲಿಸಿದ ದಿನ ಅವನ ಮುಖ ನೋಡಬೇಕಿತ್ತು.

“ನೋಡ ಕರೆವ್ವ, ಈಗ ಸಿಪಾಯಿಗೋಳ ಕಂಡ್ಹಂಗ ಕಾಣತಾರ.”

“ಕಾಲಿಗಿಂತ ಬೂಟ ದೊಡ್ಡು ಅದಾವಲ್ರಿ,” ಎಂದಳು ಕರೆವ್ವ.

“ಅರಿವಿ ತುರುಕ್ಕೊಂಡ್ರ ಆತು.”

ಮುದಕಪ್ಪನದೊಂದು ಕಟ್ಟಳೆಯಿತ್ತು. ನೆಪ ಹೇಳಿ ಮೂರು ಸಲ ಕವಾಯತಿನ ಸಾಲು ಬಿಟ್ಟವನು ಸೀದಾ ಜೇಲಿಗೆ. ನೀಲಪ್ಪ ಬಂದ ಹೊಸದರಲ್ಲೇ ಎರಡು ಸಲ ಬಿಟ್ಟಿದ್ದ.

ದೀಪಾವಳಿ ಕಳೆದ ಮೇಲೆ ಪ್ಲೇಗು ಬಂತು. ಊರಲ್ಲಿ ಇಲಿ ಸತ್ತು ಬಿದ್ದವೆಂದು ಸುದ್ದಿಯಾದದ್ದೇ ತಡ, ಜನ ಮನೆಗೆ ಬೀಗ ಹಾಕಿ ಹೊಲಗಳಲ್ಲಿ ಗುಡಿಸಲು ಕಟ್ಟಿಕೊಂಡರು. ಲಾಯ ಊರಿಂದ ದೂರವಿದ್ದುದರಿಂದ ಮುದಕಪ್ಪ ಹುಡುಗರನ್ನು ಅಲ್ಲೇ ಇಟ್ಟುಕೊಂಡು, ಒಳಗೆ ಹೊರಗೆ ಯಾರೂ ಓಡಾಡದಂತೆ ಮಾಡಿದ.

ಅಂಥದರಲ್ಲಿ ಒಂದು ಮುಂಜಾನೆ ನೀಲಪ್ಪ ಕವಾಯತಿನ ನಡುವೆಯೇ ಕುಸಿದುಬಿದ್ದ. ಮೈ ಕೆಂಡದ ಹಾಗೆ ಸುಡುತ್ತಿತ್ತು. ಎತ್ತಲು ಹೋದ ಹುಡುಗನೊಬ್ಬ ಅವನ ತೊಡೆಯ ಸಂದಿಯಲ್ಲಿ ಎದ್ದಿದ್ದ ಗಡ್ಡೆಗೆ ಕೈ ತಾಕಿ ಚೀರಿ ಹಿಂದೆ ಸರಿದ.

“ಗಡ್ಡಿ! ಗಡ್ಡಿ ಎದ್ದೇತಿ!”

ಸಾಲು ಚೆಲ್ಲಾಪಿಲ್ಲಿಯಾಯಿತು. ಮುದಕಪ್ಪ ಗದರಿಸಿ ನಿಲ್ಲಿಸಿದ. ಪ್ಲೇಗಿನ ಗಡ್ಡೆ ಎದ್ದವರನ್ನು ಬೇರೆ ಇಡಬೇಕೆಂದು ಸರ್ಕಾರದ ಹುಕುಂ ಇತ್ತು. ಬಾವಿಯ ಆಚೆ ಹೊಲ ಕಾಯುವ ಗುಡಿಸಲೊಂದಿತ್ತು, ಅಲ್ಲಿ ಮಲಗಿಸುವುದೆಂದಾಯಿತು. ಆದರೆ ಹೊತ್ತೊಯ್ಯಲು ಯಾರೂ ಮುಂದೆ ಬರಲಿಲ್ಲ.

ಕರೆವ್ವ ಕೈಗೆ ಹತ್ತಿದ ಹಿಟ್ಟನ್ನು ಸೆರಗಿಗೆ ಒರಸಿಕೊಂಡು ಒಲೆ ಮುಂದಿನಿಂದ ಎದ್ದು ಬಂದಳು. ಹುಡುಗನ ಬಗಲಿಗೆ ಕೈ ಹಾಕಿ ಎಬ್ಬಿಸಿದಳು.

“ಏ, ನಿನಗೇನ ತಲಿ ಕೆಟ್ಟೇತೇನ?” ಎಂದ ಮುದಕಪ್ಪ.

“ಕೆಟ್ಟಿದ್ರೂ ಇರವಲ್ದು. ನೀರ ಕೊಡಾಕ ಒಬ್ರರ ಬೇಕಲ್ರಿ. ನೀವು ಉಳದವ್ರನ ನೋಡ್ಕೋರ್ರಿ.”

ಗುಡಿಸಲಲ್ಲಿ ಕಂಬಳಿ ಹಾಸಿ ಮಲಗಿಸಿದಳು. ನೀಲಪ್ಪ ಕಣ್ಣು ಮುಚ್ಚಿಕೊಂಡು “ಯವ್ವಾ, ಯವ್ವಾ” ಎಂದು ಮುಲುಗುತ್ತಿದ್ದ. ಮೈ ಒರಸೋಣವೆಂದು ಬೂಟು ಕಳಚಲು ಹೋದರೆ, ಪ್ರಜ್ಞೆಯಿಲ್ಲದವನಂತೆ ಬಿದ್ದಿದ್ದವನು ತಟ್ಟನೆ ಕಾಲೆಳೆದುಕೊಂಡ.

“ಬ್ಯಾಡ್ರಿ ಅವ್ವಾರ. ಕಳೀಬ್ಯಾಡ್ರಿ.”

“ಯಾಕಪಾ?”

ಅವನು ಕಾಲನ್ನು ಇನ್ನಷ್ಟು ಮಡಚಿಕೊಂಡ. ಕರೆವ್ವ ಮೆಲ್ಲಗೆ, ನೀರು ಹಾಕಿ ಹಾಕಿ ಬೂಟು ಬಿಡಿಸಿದಳು. ಒಳಗೆ ತುರುಕಿದ್ದ ಬಟ್ಟೆ ರಕ್ತ-ಕೀವಿನಲ್ಲಿ ಅಂಟಿ ಕಟ್ಟಿಗೆಯಂತೆ ಬಿರುಸಾಗಿತ್ತು. ಹಿಮ್ಮಡಿಯೆಲ್ಲ ಹಣ್ಣಾದ ಹುಣ್ಣು. ಅಲ್ಲಿಂದ ಕೆಂಪು ಗೆರೆಯೊಂದು ಮೀನಖಂಡದ ಮೇಲೆ ಹತ್ತಿ ತೊಡೆಯವರೆಗೆ ಹೋಗಿತ್ತು.

ಕರೆವ್ವ ಆ ಗೆರೆಯ ಗುಂಟ ಬೆರಳಾಡಿಸಿದಳು. ಸಣ್ಣವಳಿದ್ದಾಗ ಅವಳ ಅಣ್ಣನ ಅಂಗಾಲಿಗೆ ಜಾಲಿಮುಳ್ಳು ಮುರಿದು ಇದೇ ರೀತಿ ಸಂದಿಯಲ್ಲಿ ಗಡ್ಡೆ ಎದ್ದಿತ್ತು. ಮುಳ್ಳು ತೆಗೆದು ಕೀವು ಇಳಿದ ಮೇಲೆ ಗಡ್ಡೆಯೂ ಇಳಿದಿತ್ತು.

“ಎಷ್ಟ ದಿನಾ ಆತೋ?”

“ಹದಿನೈದ ದಿನಾ ಆತ್ರಿ.”

“ಬಾಯಿ ಇರಲಿಲ್ಲೇನ ಹೇಳಾಕ?”

“ಇನ್ನೊಂದ ಸಲ ಸಾಲ ಬಿಟ್ರ ಜೇಲಿಗೆ ಅಂದಿದ್ರಲ್ರಿ,” ಎಂದ ನೀಲಪ್ಪ. ಅಷ್ಟು ಉದ್ದದ ಮಾತು ಅವನ ಬಾಯಿಂದ ಅವಳು ಕೇಳಿದ್ದು ಅದೇ ಮೊದಲು.

ಬೇವಿನೆಲೆ ಕುದಿಸಿದ ನೀರಿನಿಂದ ಹುಣ್ಣು ತೊಳೆದಳು. ಉಳ್ಳಾಗಡ್ಡಿ ಸುಟ್ಟು, ಅರಿಷಿಣ ಕಲಸಿ ಬಿಸಿಬಿಸಿಯಾಗಿ ಕಟ್ಟಿದಳು. ಸಂಜೆ ಮುದಕಪ್ಪ ಬಾವಿಯ ಈಚೆ ನಿಂತು ಕೂಗಿದ.

“ಹೆಂಗದಾನ?”

“ಪ್ಲೇಗ ಅಲ್ರಿ ಇದು. ನಿಮ್ಮ ಬೂಟ ಕಡದೇತಿ!”

ಮುದಕಪ್ಪ ಬಾವಿ ದಾಟಿ ನಡೆದು ಬಂದ. ಕರೆವ್ವ ಬೇಡವೆನ್ನುವಷ್ಟರಲ್ಲಿ ಗುಡಿಸಲೊಳಗೆ ಬಗ್ಗಿ ಬಂದು, ಹುಡುಗನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ನೋಡಿದ.

“ನಾ ನಿನ್ನ ಸಾಲಿನ್ಯಾಗ ಕುಂಟೂದ ನೋಡಿದ್ನೋ ನೀಲಪ್ಪ,” ಎಂದ. “ಸೊಕ್ಕ ಅಂತ ತಿಳಕೊಂಡೆ.”

ನಾಲ್ಕನೆಯ ದಿನಕ್ಕೆ ಹುಣ್ಣು ಒಡೆದು ಜ್ವರ ಬಿಟ್ಟಿತು. ವಾರಕ್ಕೆ ಗಡ್ಡೆ ಕರಗಿತು. ಅಷ್ಟು ದಿನ ಹುಡುಗರೇ ರೊಟ್ಟಿ ಸುಟ್ಟು, ಕರಿಕು ಮಾಡಿ ತಿಂದಿದ್ದರು. ಮುದಕಪ್ಪ ಎಲ್ಲರ ಕಾಲನ್ನೂ ತಾನೇ ಕೂತು ಪರೀಕ್ಷಿಸಿದ. ಮತ್ತೆ ಐವರ ಹಿಮ್ಮಡಿ ಒಡೆದಿದ್ದವು. ಬೂಟುಗಳನ್ನೆಲ್ಲ ಅಟ್ಟಕ್ಕೆಸೆದು, ಮರುದಿನದ ಕವಾಯತಿಗೆ ತಾನೂ ಬರಿಗಾಲಲ್ಲೇ ನಿಂತ. ಮೂರು ಸಲದ ಕಟ್ಟಳೆಯನ್ನೂ ಅವತ್ತೇ ತೆಗೆದುಹಾಕಿದ. ನೋವಿದ್ದವನು ನೋವೆಂದು ಹೇಳಬೇಕು, ಅದೇ ಹೊಸ ಹುಕುಂ.

“ಜ್ವರದಾಗ ಅವ್ವನ್ನ ಕರೀತಿದ್ದ,” ಎಂದಳು ಕರೆವ್ವ ಗಂಡನಿಗೆ. “ಒಂದ ಕಾಗದಾ ಬರೀರಿ.”

ಪ್ಲೇಗು ಇಳಿದು ದಾರಿ ತೆರೆದ ಮೇಲೆ ನೀಲಪ್ಪನ ತಾಯಿ ಮಾಯವ್ವ ಬಂದಳು. ರಾಮದುರ್ಗದಿಂದ ಸವದತ್ತಿಯವರೆಗೆ ಯಾರದೋ ಗಾಡಿ, ಅಲ್ಲಿಂದ ನಡಿಗೆ. ಮಗ ಕಳ್ಳನೆಂದು ಬಾಡಿಗೆಯ ಮನೆ ಬಿಡಿಸಿದ್ದರಂತೆ. ಮಗನ ಮುಖವನ್ನೇ ನೋಡುವುದಿಲ್ಲವೆಂದು ಆಣೆ ಹಾಕಿದ್ದಳಂತೆ. ಅಂಗಳದಲ್ಲಿ ನಿಂತಿದ್ದವನನ್ನು ಕಂಡದ್ದೇ ಬೆನ್ನಿಗೆರಡು ಗುದ್ದಿ, ಅದೇ ಕೈಯಿಂದ ಅವುಚಿಕೊಂಡಳು. ನೀಲಪ್ಪ ಅಳಲಿಲ್ಲ. ತಾಯಿಯ ಹೆಗಲಿಗೆ ಹಣೆಯಿಟ್ಟು ನಿಂತ.

ಆಮೇಲೆ ಮಾಯವ್ವ ಅಡಿಗೆಮನೆಯ ಬಾಗಿಲಿಗೆ ಬಂದಳು. ಹೊಸ್ತಿಲ ಮೇಲೆ ನಿಂತು ಒಳಗೆ ನೋಡಿದಳು. ಕರೆವ್ವ ಹಿಟ್ಟು ನಾದುತ್ತಿದ್ದಳು.

“ಹದಿನಾರ ಹುಡುಗೂರೇನ್ರಿ?” ಎಂದಳು ಮಾಯವ್ವ.

“ಹದಿನಾರ.”

“ಎಷ್ಟ ರೊಟ್ಟಿ ಬಡೀತೀರಿ ದಿನಾ?”

“ಎಣಿಸೂದ ಬಿಟ್ಟೇನಿ.”

ಮಾಯವ್ವ ಬಳೆಗಳನ್ನು ಮೇಲಕ್ಕೆ ಸರಿಸಿಕೊಂಡು ಹಿಟ್ಟು ನಾದುವ ಕೊಣಮಿಗೆಯ ಮುಂದೆ ಕುಳಿತಳು. “ಸರೀರಿ ಅಕ್ಕಾರ. ಒಲಿಮುಂದ ನೀವು ಕುಂಡ್ರರಿ, ನಾ ಬಡದ ಕೊಡತೇನಿ,” ಎಂದು ಹಿಟ್ಟಿಗೆ ಕೈ ಹಾಕಿದಳು.