ನೀರು ಕುಡಿದು ಹೇಳಿದ ಸುದ್ದಿ

ಮಂಗಲ ಮೊಬೈಲನ್ನು ಕಟ್ಟೆಯ ಮೇಲಿಟ್ಟು ರೆಕಾರ್ಡಿಂಗಿನ ಕೆಂಪು ಗುಂಡಿ ಒತ್ತಿದಳು. ಅವಳು ಪಕ್ಕದ ಮನೆಯ ಹುಡುಗಿ, ಒಂಬತ್ತನೆಯ ತರಗತಿ. ಇಂಟರ್ನೆಟ್ ಬರುವ ಮೊದಲು ಜನ ಹೇಗೆ ಬದುಕುತ್ತಿದ್ದರು ಎಂದು ಹಿರಿಯರನ್ನು ಕೇಳಿ ಬರೆದು ತರಲು ಶಾಲೆಯಲ್ಲಿ ಹೇಳಿದ್ದರಂತೆ. ಗಡಹಿಂಗ್ಲಜದ ನಮ್ಮ ಓಣಿಯಲ್ಲಿ ಇದನ್ನು ಹೇಳಲು ನನ್ನ ಮಾವ ಭಾವುಸಾಹೇಬರಷ್ಟು ಉತ್ಸಾಹ ಯಾರಿಗೂ ಇಲ್ಲ.

"ಊರಾಗ ಒಂದ ಫೋನು, ಆಬಾಸಾಹೇಬನ ಗಿರಣ್ಯಾಗ," ಎಂದು ಶುರು ಮಾಡಿದರು. "ನಮಗ ಫೋನ್ ಬಂತಂದ್ರ ಅಂವಾ ಹಿಟ್ಟ ಬಡದ ಮಾರೀಲೆನ ಓಡಿ ಬರತಿದ್ದ. ನಾವು ಹೋಗಿ ಮುಟ್ಟೂದ್ರಾಗ ಏನ್ ವಿಷಯ ಅಂತ ಓಣಿಗೆಲ್ಲ ಗೊತ್ತಾಗಿರತಿತ್ತು."

"ಹಂಗಾರ ಅಂವನ ನಿಮ್ಮ ವಾಟ್ಸಾಪು, ಅಜ್ಜಾ."

"ನಗ, ನಗ. ಇಚಲಕರಂಜ್ಯಾಗ ಮಗ್ಗದ ಮ್ಯಾಲೆ ದುಡಿಯೂ ಹುಡುಗರಿಗೆ ಊರಿಂದ ರೊಟ್ಟಿ ಗಂಟು ಎಸ್‌ಟಿ ಬಸ್ಸಿನ ಕಂಡಕ್ಟರನ ಕೈಯಾಗ ಹೋಗತಿತ್ತು. ಗಂಟಿನಾಗ ಒಂದು ಚೀಟಿ. ಅದರ ಉತ್ತರ ಮರುದಿನ ಖಾಲಿ ಅರಿವ್ಯಾಗ ಬರತಿತ್ತು."

"ಬೋರ್ ಆಗತಿರಲಿಲ್ಲೇನ್ರಿ?"

"ಬೋರ್ ಅಂದ್ರ ನಮಗ ಹೊಲದಾಗ ಹೊಡಸೂದೊಂದ ಗೊತ್ತಿತ್ತು."

ನಾನು ಒಳಗೆ ಅಕ್ಕಿ ಆರಿಸುತ್ತಿದ್ದೆ. ಮುಂದೆ ಯಾವ ಮಾತು ಬರುತ್ತದೆ ಎಂದು ನನಗೆ ಗೊತ್ತಿತ್ತು.

"ಸತ್ತ ಸುದ್ದಿ ಮಾತ್ರ ಚೀಟ್ಯಾಗ ಕಳಸತಿರಲಿಲ್ಲ. ಮನಷ್ಯಾನ ಹೋಗಬೇಕು. ಸುತ್ತ ಹಳ್ಳಿಯವರೆಲ್ಲ ನನ್ನ ಕಳಸತಿದ್ರು. ಅಂಥಾ ಸುದ್ದಿ ತಂದಾವ ಆ ಮನ್ಯಾಗ ನೀರ ಮುಟ್ಟಬಾರದು, ಅದು ನೇಮ. ಅದಕ್ಕ ಅಲ್ಲಿಗೆ ಕೊಟ್ಟ ಹೆಣ್ಣಮಗಳು ಮೊದಲ ನೀರ ಕೊಟ್ಟ ನೋಡತಿದ್ಲು. ಒಲ್ಲೆ ಅಂದ್ರ ಅಲ್ಲೇ ಬಡಕೋತಿದ್ಲು. ನಾ ಏನ್ ಮಾಡತಿದ್ದೆ? ತುಂಬಿದ ಚೊಂಬ ಗಟಗಟ ಕುಡಿತಿದ್ದೆ. 'ನಿಮ್ಮ ಅವ್ವಗ ಸ್ವಲ್ಪ ಆರಾಮಿಲ್ಲ ತಂಗಿ, ಉಂಡು ಹೊರಡು' ಅಂತಿದ್ದೆ. ಆಕಿ ಹೊಟ್ಟಿ ತುಂಬ ಉಣತಿದ್ಲು. ಊರ ಅಗಸಿ ಬಾಗಲಿಗೆ ಬಂದ ಮ್ಯಾಲೆ ಹೇಳತಿದ್ದೆ."

"ಪಾಪ ಹತ್ತತಿರಲಿಲ್ಲ?"

"ಹತ್ತಿದ್ರ ನನಗ ಹತ್ತಲಿ. ಆಕಿಗೆ ಎರಡ ತಾಸು ಹೆಚ್ಚಿಗೆ ಅವ್ವ ಇರತಿದ್ಲಲ್ಲ." ನಂತರ ದನಿ ತಗ್ಗಿಸಿದರು. ಆದರೂ ನನಗೆ ಕೇಳಿಸಿತು. "ನಮ್ಮ ಪದ್ಮಜಾಗೂ ಹಂಗ ಮಾಡಿದೆ. ನನ್ನ ಮಗ ಹೋದ ದಿನ ಆಕಿ ಎರಡ ರೊಟ್ಟಿ ಉಂಡ ಮ್ಯಾಲೆನ ಹೊರಡಿಸಿದೆ."

ಪದ್ಮಜಾ ನಾನು. ನನ್ನ ಗಂಡ ಸಮ್ಮೇದ ಗೋಕುಳ ಶಿರಗಾಂವದ ಫೌಂಡ್ರಿಯೊಂದರಲ್ಲಿ ಸೂಪರ್‌ವೈಸರ್ ಆಗಿದ್ದ. ನಾನು ಕಾಲೇಜಿನಲ್ಲಿ ತಾಸಿನ ಲೆಕ್ಕದ ಮೇಲೆ ಪಾಠ ಹೇಳುತ್ತಿದ್ದೆ. ನಮ್ಮ ಮನೆ ಇಚಲಕರಂಜಿಯಲ್ಲಿತ್ತು. ಎರಡು ವರ್ಷದ ಹಿಂದೆ ಕಾಗಲದ ಹತ್ತಿರ ಅವನ ಬೈಕಿಗೆ ಲಾರಿ ಬಡಿಯಿತು. ಬೆಳಿಗ್ಗೆ ಹತ್ತಕ್ಕೆ ಕೊಲ್ಲಾಪುರದ ಆಸ್ಪತ್ರೆಯಿಂದ ಮಾವನವರಿಗೆ ಫೋನ್ ಹೋಯಿತು. ಆಗ ಸಮ್ಮೇದನಿಗೆ ಎಚ್ಚರವಿತ್ತು. ಮಾವನವರು ನನಗೆ ಫೋನ್ ಮಾಡಲಿಲ್ಲ. ಫೋನಿನಲ್ಲಿ ಇಂಥದ್ದನ್ನು ಹೇಳಬಾರದೆಂದು ಟೋಪಿ ಹಾಕಿಕೊಂಡು ಇಚಲಕರಂಜಿಯ ಬಸ್ಸು ಹತ್ತಿದರು. ಎರಡೂವರೆ ತಾಸಿನ ದಾರಿ. ನಮ್ಮ ಮನೆಯಿಂದ ಆಸ್ಪತ್ರೆಗೆ ಒಂದೇ ತಾಸು.

ಅವರು ಇನ್ನೂ ಬಸ್ಸಿನಲ್ಲಿದ್ದಾಗ ಅವನು ತೀರಿಕೊಂಡ. ಅದನ್ನೂ ಅವರಿಗೆ ಫೋನಿನಲ್ಲಿ ತಿಳಿಸಿದರು.

ನನಗೆ ತಿಳಿದದ್ದು ಬೇರೆ ರೀತಿ. ಅವನ ಗೆಳೆಯನೊಬ್ಬ ವಾಟ್ಸಾಪ್ ಸ್ಟೇಟಸ್ ಇಟ್ಟಿದ್ದ. ಸಮ್ಮೇದನ ಫೋಟೋ, ಎರಡು ದೀಪ, ಕೆಳಗೆ 'ಭಾವಪೂರ್ಣ ಶ್ರದ್ಧಾಂಜಲಿ'. ನಾನು ಅದನ್ನು ಮೂರು ಸಲ ನೋಡಿದೆ. ಅಷ್ಟರಲ್ಲಿ ಮಾವನವರು ಬಾಗಿಲಲ್ಲಿ ನಿಂತಿದ್ದರು. ನೀರು ಕೇಳಿದರು. ಒಂದು ಚೊಂಬು ಪೂರ್ತಿ ಕುಡಿದರು. "ಸಮ್ಮೇದನ ಕಾಲಿಗೆ ಸ್ವಲ್ಪ ಪೆಟ್ಟಾಗೇತಿ. ಉಂಡು ಹೊರಡು," ಎಂದರು. ಮೀಸೆಯ ಮೇಲಿನ ನೀರು ಒರೆಸಿಕೊಂಡರು. ನಾನು ಉಂಡೆ.

ಆಸ್ಪತ್ರೆಯಲ್ಲಿ ನರ್ಸ್ ನನ್ನನ್ನು ಬದಿಗೆ ಕರೆದು ಮರಾಠಿಯಲ್ಲಿ ಹೇಳಿದಳು. ಕೊನೆಯ ತನಕ ಅವನು 'ಪದ್ಮಜಾ ಹೊರಟಳಾ' ಎಂದು ಕೇಳುತ್ತಿದ್ದನಂತೆ. ಇದನ್ನು ನಾನು ಯಾರಿಗೂ ಹೇಳಿಲ್ಲ.

ಹೊರಗೆ ಚಪ್ಪಲಿ ಸದ್ದಾಯಿತು. ಹಿಂದಿನ ಓಣಿಯ ಜಿನದತ್ತ ಏದುಸಿರು ಬಿಡುತ್ತ ಬಂದ.

"ಕಾಕಾ, ಅಕ್ಕನ್ನ ಕೊಲ್ಲಾಪುರಕ್ಕ ಒಯ್ದಾರ. ಅಟ್ಯಾಕ್ ಆಗೇತಿ. ಡಾಕ್ಟರ್ ಕೈ ಚೆಲ್ಯಾನ. ಪ್ರಿಯದರ್ಶನಿಗೆ ಹೇಳಬೇಕು. ನೀವ ಹೋಗ್ರಿ."

ಅವನ ಅಕ್ಕ ಹೀರಾಬಾಯಿ. ಪ್ರಿಯದರ್ಶನಿ ಅವಳ ಒಬ್ಬಳೇ ಮಗಳು. ಅವಳನ್ನು ಕೊಟ್ಟದ್ದು ಇಚಲಕರಂಜಿಗೆ.

ಮಾವನವರು ಆಗಲೇ ಎದ್ದಿದ್ದರು. "ಪದ್ಮಜಾ, ಟೋಪಿ ಕೊಡು. ಹನ್ನೊಂದರ ಬಸ್ ಸಿಗತೈತಿ."

ನಾನು ಟೋಪಿ ತರಲಿಲ್ಲ. ಹೊರಗೆ ಬಂದು ಜಿನದತ್ತನನ್ನು ಕೇಳಿದೆ: "ಜೀವ ಐತಾ?"

"ಐತಿ. ಸಂಜಿತನಕ ಅಂತಾರ."

"ಹುಡುಗಿಗೆ ಫೋನ್ ಮಾಡೀರಿ?"

"ಹುಚ್ಚಿ ಏನ್ ನೀ? ಮನ್ಯಾಗ ಒಬ್ಬಾಕಿ ಅದಾಳ. ಎದಿ ಒಡದ ಸಾಯತಾಳ."

"ನಂಬರ್ ಹೇಳ್ರಿ."

"ಕಾಕಾ, ನಿಮ್ಮ ಸೊಸಿಗೆ ಹೇಳ್ರಿ ನೀವು."

"ಪದ್ಮಜಾ," ಎಂದರು ಮಾವನವರು, "ಇದು ನಿನ್ನ ಕಾಲೇಜಲ್ಲ. ನಾ ನೋಡ್ಕೋತೇನಿ."

ಮಂಗಲಳ ಬಳಿ ನಂಬರ್ ಇತ್ತು. ಯಾರನ್ನೂ ನೋಡದೆ ತೆಗೆದುಕೊಟ್ಟಳು. ನಾನು ಅಲ್ಲೇ ಕಟ್ಟೆಯ ಮೇಲೆ ನಿಂತು ನನ್ನ ಮೊಬೈಲಿನಿಂದ ಫೋನ್ ಮಾಡಿದೆ.

"ಪ್ರಿಯಾ, ನಾ ಪದ್ಮಜಾ. ನಿಮ್ಮ ಅವ್ವ ಕೊಲ್ಲಾಪುರದಾಗ ಆಸ್ಪತ್ರ್ಯಾಗ ಅದಾಳ. ಉಳಿಯೂದಿಲ್ಲ ಅಂತಾರ. ಈಗಿನ್ನೂ ಜೀವ ಐತಿ. ಉಣಬ್ಯಾಡ, ಸೀರಿ ಬದಲಸಬ್ಯಾಡ, ರಿಕ್ಷಾ ಹಿಡದ ಹೊರಡು."

ಆ ಕಡೆಯ ಕಿರುಚಾಟ ಕಟ್ಟೆಯ ಮೇಲಿದ್ದವರಿಗೆಲ್ಲ ಕೇಳಿಸಿತು. ಅವಳು ಸುಮ್ಮನಾಗುವ ತನಕ ಕಾದು ಆಸ್ಪತ್ರೆಯ ಹೆಸರು ಹೇಳಿ ಇಟ್ಟೆ.

"ಕಲತ ನಾಲಿಗಿ ನೋಡ," ಎಂದ ಜಿನದತ್ತ. "ಗಂಡನ್ನ ಕಳಕೊಂಡಾಕಿಗೆ ಮಂದೀದೂ ಹಂಗ ಆಗಬೇಕು." ಉಗುಳಿ ಹೋದ.

ಮಂಗಲಳ ಮೊಬೈಲಿನಲ್ಲಿ ರೆಕಾರ್ಡಿಂಗ್ ಇನ್ನೂ ಓಡುತ್ತಿತ್ತು. ಅವಳು ನಿಲ್ಲಿಸಿದಳು.

ಸಂಜೆ ಸುದ್ದಿ ಬಂತು. ಹೀರಾಬಾಯಿ ಎರಡು ಗಂಟೆಗೆ ಹೋದಳು. ಪ್ರಿಯದರ್ಶನಿ ಹನ್ನೆರಡೂಕಾಲಿಗೆ ಮುಟ್ಟಿದ್ದಳು. ತಾಯಿ ಕಣ್ಣು ತೆರೆದು ನೋಡಿದಳಂತೆ. ಮಾತು ಬರಲಿಲ್ಲವಂತೆ. 'ಪದ್ಮಜಾ ವೈನಿ ಹಿಂಗ ಹೇಳಬಾರದಾಗಿತ್ತು' ಎಂದು ಪ್ರಿಯದರ್ಶನಿ ಎಲ್ಲರ ಮುಂದೆ ಅತ್ತಳಂತೆ. ಸುದ್ದಿ ತಂದವರು ಇಷ್ಟನ್ನೂ ಬಿಡದೆ ಹೇಳಿದರು. ಓಣಿಯ ಹೆಂಗಸರು ನಮ್ಮ ಬಾಗಿಲು ಬಿಟ್ಟು ಆಚೆ ಬದಿಯಿಂದ ನಡೆದರು.

ಜೈನರಾದ ನಮ್ಮಲ್ಲಿ ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ, ಮಾವನವರು ನೀರೂ ಮುಟ್ಟುವುದಿಲ್ಲ. ಇನ್ನೂ ಬೆಳಕಿರುವಾಗಲೇ ಅವರಿಗೆ ತಾಟು ಹಾಕಿದೆ. ಅವರು ರೊಟ್ಟಿ ಮುರಿಯಲಿಲ್ಲ.

"ನಾ ಬಸ್ಸಿಗೆ ಹೋಗಿದ್ರ ಆಕಿ ಮುಟ್ಟತಿದ್ದಿಲ್ಲ," ಎಂದರು.

"ಹೌದ್ರಿ."

"ಆವತ್ತ ನಾ ಬರೂದ್ರಾಗ ನಿನಗ ಗೊತ್ತಾಗಿತ್ತ?"

"ಆಗಿತ್ರಿ. ಸ್ಟೇಟಸ್ ನೋಡಿದ್ದೆ."

"ಮತ್ತ ಯಾಕ ಉಂಡಿ?"

"ನೀವು ನೀರ ಕುಡದಿದ್ರಿ."

ಹೊರಗೆ ಹಾಲಿನವನ ಕ್ಯಾನು ಸದ್ದು ಮಾಡುತ್ತ ಹೋಯಿತು. ಮಾವನವರು ಇನ್ನೊಂದನ್ನು ಕೇಳುತ್ತಾರೆ ಎಂದು ನನಗೆ ಗೊತ್ತಾಯಿತು. ಎರಡು ವರ್ಷ ನಾನು ಆ ಪ್ರಶ್ನೆಗೆ ಕಾದಿದ್ದೆ. ಉತ್ತರವನ್ನು ಒಂದು ಅಕ್ಷರ ಬಿಡದೆ ಮುಖದ ಮೇಲೆ ಎಸೆಯಬೇಕೆಂದುಕೊಂಡಿದ್ದೆ.

"ಆಸ್ಪತ್ರ್ಯಾಗ ಅಂವಾ ನಿನ್ನ ಏನರ ಕೇಳಿದ್ನಂತ?"

ಅವರ ಮುಂದೆ ಇಟ್ಟ ಚೊಂಬು ಹಾಗೇ ಇತ್ತು. ನಾನು ಅದನ್ನು ಎತ್ತಿಕೊಂಡೆ. ತಳ ಕಾಣುವ ತನಕ ಕುಡಿದೆ. ಸೆರಗಿನಿಂದ ಬಾಯಿ ಒರೆಸಿಕೊಂಡೆ.

"ಇಲ್ರಿ, ಮಾಮಾ. ಎಚ್ಚರಾನ ಇದ್ದಿಲ್ಲಂತ."

ಅವರು ನನ್ನ ಮುಖ ನೋಡಲಿಲ್ಲ. ಖಾಲಿ ಚೊಂಬನ್ನು ನೋಡಿದರು. ಆಮೇಲೆ ತಾಟನ್ನು ಮೆಲ್ಲಗೆ ಆಚೆ ಸರಿಸಿದರು.