ಡಿಸ್ಕ್ ಪಾಲು ಮಾಡುವ ಮುಂಚೆ

ಅಂಗಡಿಯ ಕಂಪ್ಯೂಟರ್ ಹಠ ಹಿಡಿದು ಕೂತಿತ್ತು. ಆನ್ ಆಗುತ್ತಿತ್ತು, ಹೊಲಿಗೆಯ ಡಿಸೈನ್ ತೋರಿಸುತ್ತಿತ್ತು. ಆರ್ಡರ್ ಬರುವ ವೆಬ್‌ಸೈಟ್ ಮಾತ್ರ ಜಪ್ಪಯ್ಯ ಅಂದರೂ ತೆರೆಯುತ್ತಿರಲಿಲ್ಲ. 'ನಿಮ್ಮ ಸಿಸ್ಟಮ್ ಹಳೆಯದಾಗಿದೆ' ಎಂದು ತೋರಿಸಿ ಸುಮ್ಮನಾಗುತ್ತಿತ್ತು. ಇಂಥ ಗೋಳು ಯಾವ ಬೀದಿಯಲ್ಲಿ ಇಲ್ಲ ಹೇಳಿ?

ಅಂಗಡಿ, ಬೀದಿಯವರು ಹೊಲಿಗೆ ಅಕ್ಕ ಎಂದು ಕರೆಯುವವಳದು. ಮೂಲೆಯಲ್ಲಿ ಎಂಬ್ರಾಯ್ಡರಿ ಮೆಷಿನ್, ಅದಕ್ಕೆ ವೈರಿನಿಂದ ಜೋಡಿಸಿದ ಕಂಪ್ಯೂಟರ್, ಕಿಟಕಿಯ ಹತ್ತಿರ ಗುಂಡಿಗಳನ್ನು ಬಣ್ಣ ನೋಡಿ ಬೇರೆ ಮಾಡುತ್ತ ಕೂತ ಅವಳ ಅಮ್ಮ. ಕಂಪ್ಯೂಟರಿನಲ್ಲಿದ್ದ ಬಳ್ಳಿ, ಹೂವು, ಹಕ್ಕಿ ಎಲ್ಲವೂ ಅಮ್ಮ ಕೈಯಾರೆ ಬರೆದು, ಅಕ್ಕ ಕಂಪ್ಯೂಟರಿಗೆ ಇಳಿಸಿದವು. ಬರೆದ ಕಾಗದಗಳನ್ನು ಗೆದ್ದಲು ತಿಂದು ಮುಗಿಸಿತ್ತು. ಈಗ ಅಮ್ಮನ ಕೈ ನಡುಗುತ್ತದೆ, ಒಂದು ಗೆರೆಯೂ ನೆಟ್ಟಗೆ ಬರುವುದಿಲ್ಲ. ಡಿಸ್ಕಿನಲ್ಲಿ ಇದ್ದಷ್ಟೇ ಉಳಿದಿರುವುದು. ಹಾಗಾಗಿ ಅಕ್ಕ ಆ ಕಂಪ್ಯೂಟರಿನ ಹತ್ತಿರ ಯಾರನ್ನೂ ಸುಳಿಯಲು ಬಿಡುತ್ತಿರಲಿಲ್ಲ.

ದಿಂಬಿನ ಕವರ್ ಒಯ್ಯಲು ಬಂದ ಎದುರುಮನೆಯ ಟೀಚರ್ ಅಕ್ಕನ ಗೊಣಗಾಟ ಕೇಳಿಸಿಕೊಂಡರು. ಅವರು ಶಾಲೆಯಲ್ಲಿ ಕಂಪ್ಯೂಟರ್ ಪಾಠ ಮಾಡುವವರು.

"ಕಂಪ್ಯೂಟರ್ ಇದೇ ಇರಲಿ, ಅದನ್ನ ನಡೆಸೋ ಸಿಸ್ಟಮ್ ಹೊಸದು ಹಾಕಿಸಬಹುದಲ್ಲ ಅಕ್ಕಾ?"

"ಹಾಕಿಸಿದ್ರೆ ನನ್ನ ಡಿಸೈನ್ ಸಾಫ್ಟ್‌ವೇರ್ ನಡೆಯಲ್ಲ ಟೀಚರೇ. ಅದು ಹಳೇದರ ಮೇಲೆ ಮಾತ್ರ ಓಡೋದು."

"ಹಳೇದು ಇರಲಿ ಬಿಡಿ. ಪಕ್ಕದಲ್ಲೇ ಹೊಸದೊಂದು ಹಾಕೋಣ. ಆನ್ ಮಾಡಿದಾಗ 'ಯಾವುದು ಬೇಕು' ಅಂತ ಅದೇ ಕೇಳುತ್ತೆ. ಹೊಲಿಗೆಗೆ ಹಳೇದು, ಇಂಟರ್ನೆಟ್ಟಿಗೆ ಹೊಸದು. ಡಿಸ್ಕನ್ನ ಎರಡು ಪಾಲು ಮಾಡಿದ್ರಾಯ್ತು."

ಪಾಲು ಅಂದದ್ದೇ ಅಕ್ಕ ಮುಖ ಗಂಟಿಕ್ಕಿದಳು. "ಪಾಲಾದ ಮನೆಗಳನ್ನ ಬೇಕಾದಷ್ಟು ನೋಡಿದ್ದೀನಿ. ಪಾತ್ರೆಪಡಗ ಯಾರ ಕೈಗೆ ಹೋಯ್ತು ಅಂತ ಆಮೇಲೆ ಯಾರಿಗೂ ಗೊತ್ತಿರಲ್ಲ."

ಟೀಚರ್ ನಕ್ಕರು. "ಈ ಅಂಗಡಿ ಮಧ್ಯೆ ಒಂದು ಹಲಗೆ ಗೋಡೆ ಹಾಕಿಸ್ತೀರಿ ಅಂದುಕೊಳ್ಳಿ. ಆಚೆ ಕಡೆ ಹೊಸ ಕೋಣೆ, ಈಚೆ ಕಡೆ ನಿಮ್ಮ ಸಾಮಾನು ಇದ್ದಲ್ಲೇ ಇರುತ್ತೆ. ಆದ್ರೆ ಬಡಗಿ ಸುತ್ತಿಗೆ ಎತ್ತೋ ಮುಂಚೆ ಒಡೆಯೋ ಸಾಮಾನನ್ನ ಆಚೆ ಇಡ್ತೀವಲ್ಲ? ಹಾಗೇ ಇದೂ. ಮೊದಲು ಡಿಸೈನೆಲ್ಲ ಬೇರೆ ಡ್ರೈವಿಗೆ ಕಾಪಿ ಮಾಡಿ. ಆಮೇಲೆ ಮಿಕ್ಕಿದ್ದು."

ಅಷ್ಟರಲ್ಲಿ ಅಕ್ಕನ ತಮ್ಮ ಒಳಗೆ ಬಂದ. ಕೊರಿಯರ್ ಹಂಚುವವನು, ಎಲ್ಲದಕ್ಕೂ ಅವಸರ. ಯಾರು ಏನು ಹೇಳಿದರೂ 'ಆಯ್ತು ಬಿಡು' ಅನ್ನುವುದರಿಂದ ಬೀದಿಯವರು ಅವನಿಗೆ ಆಯ್ತುಬಿಡಣ್ಣ ಎಂದೇ ಹೆಸರಿಟ್ಟಿದ್ದರು.

"ಕಾಪಿ ತಾನೇ? ಆಯ್ತು ಬಿಡು," ಎಂದು ಪೆನ್‌ಡ್ರೈವ್ ಚುಚ್ಚಿದ. ಪರದೆಯ ಮೇಲಿದ್ದ 'ಅಮ್ಮನ ಡಿಸೈನ್' ಎಂಬ ಚಿತ್ರವನ್ನು ಹಿಡಿದು ಅದರೊಳಗೆ ಹಾಕಿದ. ಕಣ್ಣು ಮಿಟುಕಿಸುವಷ್ಟರಲ್ಲಿ ಕೆಲಸ ಮುಗಿಯಿತು. ಪೆನ್‌ಡ್ರೈವಿನಿಂದ ತೆರೆದೂ ತೋರಿಸಿದ. ಬಳ್ಳಿ, ಹೂವು, ಹಕ್ಕಿ ಎಲ್ಲ ಬಂದವು.

"ನೋಡಕ್ಕಾ, ಇನ್ನೇನು ಬೇಕು? ಇವತ್ತೇ ಹೊಸದು ಹಾಕಿಬಿಡ್ತೀನಿ."

ಟೀಚರ್ ಹುಬ್ಬು ಮೇಲೇರಿತು. "ಇಷ್ಟೊಂದು ಡಿಸೈನ್ ಇಷ್ಟು ಬೇಗ ಹೋಯ್ತಾ? ಒಂದ್ಸಲ ನಮ್ಮನೆ ಲ್ಯಾಪ್‌ಟಾಪಿಗೆ ಹಾಕಿ ನೋಡೋಣ ಬನ್ನಿ."

"ಇಲ್ಲೇ ತೆರೀತಲ್ಲ ಮೇಡಂ."

"ಇಲ್ಲಿ ತೆರೆಯೋದು ದೊಡ್ಡದಲ್ಲಪ್ಪ."

ಅಕ್ಕ ಅಂಗಡಿಯ ಬಾಗಿಲು ಮುಂದಕ್ಕೆಳೆದುಕೊಂಡು ಬೀದಿ ದಾಟಿದಳು. ಟೀಚರ್ ಮನೆಯ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇತ್ತು. ತಮ್ಮ ಪೆನ್‌ಡ್ರೈವ್ ಹಾಕಿ 'ಅಮ್ಮನ ಡಿಸೈನ್' ಒತ್ತಿದ. 'ಇದು ಸಿಗುತ್ತಿಲ್ಲ' ಎಂದು ಬಂತು. ಮತ್ತೆ ಒತ್ತಿದ. ಮತ್ತೆ ಅದೇ.

ಅಕ್ಕ ತಮ್ಮನ ತೋಳು ಹಿಡಿದೆಳೆದಳು. "ಏನೋ ಮಾಡಿದೆ? ಎಲ್ಲಿ ಹೋಯ್ತು?"

"ಎಲ್ಲೂ ಹೋಗಿಲ್ಲ ಅಕ್ಕಾ, ನಿಮ್ಮ ಕಂಪ್ಯೂಟರಿನಲ್ಲೇ ಇದೆ," ಎಂದು ಟೀಚರ್ ಅವಳ ಕೈ ಹಿಡಿದು ಕೂರಿಸಿದರು. ಪರದೆಯ ಮೇಲೆ ಬೆರಳಿಟ್ಟರು. "ಈ ಚಿತ್ರದ ಮೂಲೆಯಲ್ಲಿ ಪುಟ್ಟ ಬಾಣ ಇದೆ ನೋಡಿ. ಇದು ಡಿಸೈನ್ ಅಲ್ಲ, ಶಾರ್ಟ್‌ಕಟ್. ಡಿಸೈನ್ ಎಲ್ಲಿದೆ ಅಂತ ದಾರಿ ತೋರಿಸುತ್ತೆ, ಅಷ್ಟೇ. ಅಂಗಡಿಯಲ್ಲಿ ತೆರೆದಾಗ ಅಲ್ಲಿನ ಡಿಸ್ಕಿನಲ್ಲಿದ್ದದ್ದನ್ನೇ ತೋರಿಸ್ತು. ಪೆನ್‌ಡ್ರೈವಿಗೆ ಒಂದು ಹೂವೂ ಬಂದಿಲ್ಲ."

ತಮ್ಮ ಮುಖ ಸಣ್ಣಗೆ ಮಾಡಿಕೊಂಡ. ಪಾಪ, ಅವನು ಬೇಕೆಂದು ಮಾಡಿದ್ದಲ್ಲ. ಕಂಡದ್ದನ್ನು ನಂಬಿದ. ನಾವು ನೀವು ಆಗಿದ್ದರೂ ನಂಬುತ್ತಿದ್ದೆವು.

"ಇದೆಲ್ಲ ಬೇಡವೇ ಬೇಡ," ಎಂದು ಅಕ್ಕ ಎದ್ದಳು. "ಆರ್ಡರ್ ಬರದಿದ್ರೆ ಬೇಡ."

"ಹಾಗನ್ನಬೇಡಿ. ಡಿಸ್ಕ್ ಅನ್ನೋದು ಯಂತ್ರ. ನಾವು ಮುಟ್ಟದೇ ಇದ್ರೂ ಒಂದು ದಿನ ತಾನಾಗೇ ಕೆಡುತ್ತೆ. ಆವತ್ತು ಏನು ಮಾಡ್ತೀರಿ?"

ಅಕ್ಕ ಪೆನ್‌ಡ್ರೈವ್ ಕಿತ್ತು ಟೀಚರ್ ಕೈಗಿಟ್ಟಳು. ಇಷ್ಟು ವರ್ಷ ಯಾರೂ ಮುಟ್ಟದಂತೆ ಕಾದಿದ್ದಳು, ಒಂದೇ ಒಂದು ಕಾಪಿ ಮಾಡಿಟ್ಟಿರಲಿಲ್ಲ.

ಮೂವರೂ ಅಂಗಡಿಗೆ ಮರಳಿದರು. ಟೀಚರ್ ಆ ಬಾಣದ ಜಾಡು ಹಿಡಿದು ನಿಜವಾದ ಫೋಲ್ಡರ್ ಹುಡುಕಿದರು. ಈ ಸಲ ಕಾಪಿ ಆಗಲು ಹೊತ್ತು ಹಿಡಿಯಿತು. ಎರಡು ಕಡೆಯ ಗಾತ್ರವೂ ಒಂದೇ ಬಂತು. ಪುನಃ ಬೀದಿ ದಾಟಿದರು, ಈ ಬಾರಿ ಅಮ್ಮನನ್ನೂ ಕರೆದುಕೊಂಡು. ಡಿಸೈನ್ ನೋಡಲಷ್ಟೇ ಬರುವ ಪುಟ್ಟ ಸಾಫ್ಟ್‌ವೇರ್ ಒಂದನ್ನು ಟೀಚರ್ ಇಳಿಸಿಕೊಂಡು ತೆರೆದಾಗ, ಲ್ಯಾಪ್‌ಟಾಪಿನಲ್ಲಿ ಬಳ್ಳಿಯೊಂದು ಅರಳಿ ನಿಂತಿತು. ಅಮ್ಮ ಬಾಗಿ ನೋಡಿದಳು. "ಇದು ನೀನು ಹೊಟ್ಟೆಯಲ್ಲಿದ್ದಾಗ ಬರೆದದ್ದು," ಎಂದು ಮಗಳಿಗೆ ಹೇಳಿದಳು. ಅಕ್ಕನಿಗೆ ಹೋದ ಜೀವ ಬಂದಂತಾಯಿತು.

ಟೀಚರ್ ಕಾಪಿ ಇದ್ದ ಪೆನ್‌ಡ್ರೈವ್ ಕಿತ್ತು ಅಮ್ಮನ ಕೈಗೆ ಕೊಟ್ಟರು. "ಕೆಲಸ ಮುಗಿಯೋವರೆಗೂ ಇದು ಕಂಪ್ಯೂಟರಿನ ಹತ್ತಿರ ಬರಬಾರದು ಅಮ್ಮಾ." ಅಂಗಡಿಗೆ ಮರಳಿ ಅಮ್ಮ ಅದನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಕಿಟಕಿಯ ಹತ್ತಿರ ಕೂತಳು.

ಆಮೇಲಿನದು ಸಲೀಸು. ಕರೆಂಟ್ ಹೋದರೂ ನಡುವೆ ನಿಲ್ಲದಂತೆ ಯುಪಿಎಸ್ ಇದೆಯೇ ಎಂದು ನೋಡಿಕೊಂಡರು. ಹಳೆಯ ಸಿಸ್ಟಮ್ಮಿನಲ್ಲೇ ಇರುವ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು, ಖಾಲಿ ಬಿದ್ದಿದ್ದ ಜಾಗದಲ್ಲಿ ಒಂದು ಪಾಲು ಬಿಡಿಸಿದರು. ಹೊಸ ಸಿಸ್ಟಮ್ ಇದ್ದ, ಟೀಚರ್ ಮನೆಯ ಇನ್ನೊಂದು ಪೆನ್‌ಡ್ರೈವ್ ಹಾಕಿ ಆನ್ ಮಾಡಿದಾಗ ಪರದೆ ಕೇಳಿತು: ಡಿಸ್ಕ್ ಪೂರ್ತಿ ಅಳಿಸಿ ಹಾಕಲೇ, ಹಳೆಯದರ ಪಕ್ಕದಲ್ಲಿ ಹಾಕಲೇ?

ಮೌಸ್ ತಮ್ಮನ ಕೈಯಲ್ಲಿತ್ತು, ಅದರ ಗುರುತು ಮೊದಲನೆಯದರ ಮೇಲೇ ಇತ್ತು. ಅವನೇ ತಡೆದು, ಒಂದೊಂದೇ ಅಕ್ಷರ ಕೂಡಿಸುವವನಂತೆ ಓದಿ, ಮೌಸ್ ಕೆಳಕ್ಕೆ ಸರಿಸಿ ಒತ್ತಿದ.

ಹೊಸ ಸಿಸ್ಟಮ್ಮಿನಲ್ಲಿ ವೆಬ್‌ಸೈಟ್ ತೆರೆಯಿತು, ಹಳೆಯದರಲ್ಲಿ ಡಿಸೈನ್ ತೆರೆಯಿತು. ಅಕ್ಕ ಆರ್ಡರ್ ನೋಡಲು ಕೂತಳು. ತಮ್ಮ ಮಾತ್ರ ಗೋಡೆಗೊರಗಿ ನಿಂತೇ ಇದ್ದ.

"ಅಕ್ಕಾ," ಅಂದ ಮೆಲ್ಲಗೆ, "ಮೇಡಂ ಇಲ್ಲದಿದ್ರೆ ನಾನು ಮೇಲಿನದನ್ನೇ ಒತ್ತಿರ್ತಿದ್ದೆ. ಆ ಬಾಣದ ಚಿತ್ರಾನೇ ಕಾಪಿ ಅನ್ನೋ ಧೈರ್ಯದಲ್ಲಿ."

ಅಕ್ಕ ತಿರುಗಿ ಅಮ್ಮನನ್ನು ನೋಡಿದಳು. ಪೆನ್‌ಡ್ರೈವ್ ಹಿಡಿದ ಅಮ್ಮನ ಮುಷ್ಟಿ ಇನ್ನೂ ಬಿಚ್ಚಿರಲಿಲ್ಲ.

ಇದನ್ನು ಓದುತ್ತಿರುವವರೇ, ನಿಮ್ಮ ಕಂಪ್ಯೂಟರಿನಲ್ಲೂ ಮತ್ತೆ ಮಾಡಲಾಗದ ಏನೋ ಒಂದು ಇದ್ದೇ ಇರುತ್ತದೆ. ಎರಡನೇ ಸಿಸ್ಟಮ್ ಬೇಕೆನಿಸಿದರೆ ಹೆದರದೆ ಹಾಕಿಸಿಕೊಳ್ಳಿ. ಆದರೆ ಡಿಸ್ಕಿಗೆ ಕೈ ಹಾಕುವ ಮುಂಚೆ ಕಾಪಿ ಮಾಡಿ, ಪರದೆ ಕೇಳುವುದನ್ನು ಪೂರ್ತಿ ಓದಿ. ಆ ಕಾಪಿಯನ್ನು ಹಿಡಿದುಕೊಂಡು ಪಕ್ಕದ ಮನೆಯ ಬಾಗಿಲು ತಟ್ಟಿ. ಅವರ ಕಂಪ್ಯೂಟರಿನಲ್ಲಿ ತೆರೆಯುವವರೆಗೂ ನಿಮ್ಮ ಹತ್ತಿರ ಕಾಪಿ ಇಲ್ಲ ಎಂದೇ ತಿಳಿಯಿರಿ.