ನನ್ನನ್ನು ಹಪ್ಪಳ ಎಂದವರಿಗೆ

ನಾನು ಒಂದು ಜೊತೆ ಓಟದ ಬೂಟು. ಎಡ ಬಲ ಎಂದು ಇಬ್ಬರಿದ್ದರೂ ನಮಗೆ ಬಾಯಿ ಒಂದೇ, ಹಾಗಾಗಿ ನಾನು ಎಂದೇ ಹೇಳುತ್ತೇನೆ. ನನ್ನ ಅಟ್ಟೆ, ಅಂದರೆ ನೆಲಕ್ಕೆ ತಾಗುವ ತಳ, ಉದ್ದಿನ ಹಪ್ಪಳಕ್ಕಿಂತ ಕೊಂಚ ದಪ್ಪ, ಅಷ್ಟೇ. ಹಿಮ್ಮಡಿಯ ಕೆಳಗೆ ಮೆತ್ತೆಯಿಲ್ಲ. ಇದನ್ನು ನಾನು ನಾಚಿಕೊಂಡು ಹೇಳುತ್ತಿಲ್ಲ.

ಹುಟ್ಟಿದ್ದು ತಮಿಳು ಸೀಮೆಯ ಒಂದು ಕಾರ್ಖಾನೆಯಲ್ಲಿ. ಅಲ್ಲಿ ನನ್ನ ಓರಗೆಯವರೆಲ್ಲ ದಪ್ಪ ತಳದವರು. ಒಬ್ಬೊಬ್ಬರ ಅಡಿಯಲ್ಲೂ ಬೀಗರಿಗೆ ಹಾಸುವ ಗಾದಿಯಷ್ಟು ಮೆತ್ತೆ. ನನ್ನ ಸರದಿ ಬಂದಾಗ ತಪಾಸಣೆಗೆ ಕೂತಿದ್ದ ಹೆಂಗಸು ನನ್ನನ್ನು ತಿರುವಿ, ಎರಡಾಗಿ ಮಡಿಚಿ ನೋಡಿ, ಕೆಲಸ ಪೂರ್ತಿಯಾಗಿಲ್ಲವೆಂದು ಹಿಂದಕ್ಕೆ ಕಳಿಸಿಬಿಟ್ಟಳು. ಇದು ಇರುವುದೇ ಹೀಗೆ ಎಂದು ಮೇಸ್ತ್ರಿ ಬಂದು ತಿಳಿಹೇಳಬೇಕಾಯಿತು. ದಪ್ಪ ಬೂಟುಗಳು ನಕ್ಕವು. ನಗಲಿ. ಕಾಲಿಗೆ ನೆಲ ಗೊತ್ತಾಗದಂತೆ ಮುಚ್ಚಿಡುವುದು ಅವುಗಳ ಕಸುಬು, ಗೊತ್ತುಮಾಡಿಸುವುದು ನನ್ನ ಕಸುಬು.

ನನ್ನನ್ನು ತರಿಸಿಕೊಂಡವರು ಧಾರವಾಡದ ಪ್ರಹ್ಲಾದ ದೇಸಾಯರು. ಸಿಮೆಂಟ್ ಏಜೆನ್ಸಿ, ಮುಂದೆ ಬಂದ ಹೊಟ್ಟೆ, ಒಳ್ಳೆಯ ಮನಸ್ಸು. ಯಾರೋ ಬರಿಗಾಲಿನಲ್ಲಿ ಗುಡ್ಡ ಹತ್ತಿ ಓಡುವುದನ್ನು ಮೊಬೈಲಿನಲ್ಲಿ ನೋಡಿ ಅವರಿಗೆ ಹುಕಿ ಬಂದಿತ್ತು. ಡಬ್ಬಿ ಬಿಚ್ಚಿದಾಗ ಅವರ ತಾಯಿ ಇಂದಿರಾಬಾಯಿ ನನ್ನನ್ನು ಎರಡೇ ಬೆರಳಲ್ಲಿ ಎತ್ತಿ ಹಿಡಿದರು.

"ಏನೋ ಪ್ರಹ್ಲಾದ, ಬೂಟಂತ ಹೇಳಿ ಹಪ್ಪಳಾ ಕಳಿಸ್ಯಾರಲ್ಲೋ!"

ಆ ಹೆಸರು ಅಂಟಿಕೊಂಡಿತು. ಅಂಟಲಿ ಬಿಡಿ, ಆದರೆ ಒಂದು ಮಾತು ಕೇಳಿ. ತೆಳು ಅಟ್ಟೆಗೆ ಕಾಲು ಹೊಂದಲು ತಿಂಗಳುಗಟ್ಟಲೆ ಬೇಕು. ಮೊದಲು ನಡೆಯಬೇಕು, ಆಮೇಲೆ ಓಣಿಯ ತುದಿಯವರೆಗೆ ಓಡಬೇಕು, ಮೀನಖಂಡ ಗಟ್ಟಿಯಾಗಬೇಕು. ದೇಸಾಯರು ಮೊದಲ ದಿನವೇ ಕೆಲಗೇರಿ ಕೆರೆಯವರೆಗೆ ಓಡಿದರು. ಅದೂ ಹೇಗೆ? ಕಾಲನ್ನು ಉದ್ದಕ್ಕೆ ಚಾಚಿ, ಹಿಮ್ಮಡಿಯನ್ನು ನೆಲಕ್ಕೆ ಗುದ್ದಿ ಗುದ್ದಿ. ದಪ್ಪ ಬೂಟಾಗಿದ್ದರೆ ಆ ಗುದ್ದನ್ನು ನುಂಗಿಕೊಂಡು ಸುಮ್ಮನಿರುತ್ತಿತ್ತು. ನಾನು ನುಂಗುವವನಲ್ಲ. ಹೆಜ್ಜೆ ಚಿಕ್ಕದು ಮಾಡಿ, ಮಂಡಿ ಮಡಿಸಿ, ಮುಂಗಾಲು ಮೊದಲು ಊರಿ ಎಂದು ಪ್ರತಿ ಹೆಜ್ಜೆಗೂ ಚುಚ್ಚಿ ಹೇಳಿದೆ. ಕೇಳುವ ಕಾಲಲ್ಲ ಅದು. ಮರುದಿನ ಅವರು ಮಂಚದಿಂದ ಇಳಿಯಲಾಗದೆ ಅಯ್ಯೋ ಅಂದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ದೇಸಾಯರು ಬೂಟು ಡೊಂಕು ಅಂದರು.

"ಶನಿ ಕಾಲಾಗಿಂದನ ಒಳಗ ಹೊಗ್ತಾನ," ಎಂದು ಇಂದಿರಾಬಾಯಿ ತೀರ್ಪು ಕೊಟ್ಟರು. "ಈ ಹಪ್ಪಳ ಬಂದಮ್ಯಾಲೇ ನಿನಗ ಹಿಂಗಾಗ್ಯದ. ಶನಿವಾರ ನುಗ್ಗಿಕೇರಿ ಹನುಮಪ್ಪನ ಗುಡಿಗೆ ಹಾಕ್ಕೊಂಡು ಹೋಗು, ಅಲ್ಲೇ ಬಿಟ್ಟು ಬಾ."

ಶನಿವಾರ ಹನುಮಪ್ಪನ ಗುಡಿಯ ಮುಂದೆ ಕಾಲ ಮೆಟ್ಟು ಕಳೆದರೆ ಹಿಡಿದ ಪೀಡೆಯೂ ಕಳೆಯಿತು ಎಂದು ನಮ್ಮ ಜನರ ನಂಬಿಕೆ. ಉಳಿದವರು ಕಳ್ಳ ಬರಲೆಂದು ಕಾಯುತ್ತಾರೆ. ದೇಸಾಯರು ಅಷ್ಟೂ ಕಾಯದೆ, ದರ್ಶನ ಮುಗಿಸಿ, ನನ್ನ ಕಡೆ ತಿರುಗಿಯೂ ನೋಡದೆ ಕಾರಿನತ್ತ ನಡೆದರು. ಮಧ್ಯಾಹ್ನದ ನೆಲ ಕಾದಿತ್ತು. ಹಿಮ್ಮಡಿ ಊರದೆ, ಪುಟ್ಟ ಪುಟ್ಟ ಹೆಜ್ಜೆ ಇಡುತ್ತ, ಎಷ್ಟು ಹಗುರಾಗಿ ಹೋದರು ಅಂತೀರಿ! ನಾನು ಕಲಿಸಲು ಹೆಣಗಿದ್ದನ್ನು ಬಿಸಿಲು ಒಂದೇ ಗಳಿಗೆಯಲ್ಲಿ ಕಲಿಸಿತ್ತು.

ಜನ ಕರಗಿದರು. ಹೊಚ್ಚ ಹೊಸ ಬೂಟು ಗುಡಿಯ ಮುಂದೆ ಹಾಗೇ ಬಿದ್ದಿದ್ದರೆ ಬೇಕೆಂದೇ ಬಿಟ್ಟದ್ದೆಂದು ಯಾರಿಗೆ ಅರ್ಥವಾಗುವುದಿಲ್ಲ? ಎಲ್ಲರೂ ನನ್ನನ್ನು ಸುತ್ತುಬಳಸಿ ಹೋದರು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಆಗ ಗುಡಿಯಿಂದ ಹೊರಗೆ ಬಂದವಳು ಕಸ್ತೂರಿ. ನಲವತ್ತು ದಾಟಿದ ಹೆಂಗಸು, ಅಗಲವಾದ ಪಾದ. ಆಕೆಯ ಚಪ್ಪಲಿಯನ್ನು ಯಾರೋ ನಿಜವಾಗಿಯೇ ಎತ್ತಿಕೊಂಡು ಹೋಗಿದ್ದರು.

"ಪೀಡಾ ಹೋತು ಬಿಡವಾ, ಚಲೋನ ಆತು," ಎಂದಳು ಹೂವು ಮಾರುವ ಮುದುಕಿ. ಕಸ್ತೂರಿಯ ಕಣ್ಣು ನನ್ನ ಮೇಲೆ ಬಿದ್ದದ್ದು ಕಂಡು ದನಿ ಏರಿಸಿದಳು. "ಅವನ್ನ ಮುಟ್ಟಬ್ಯಾಡ! ಯಾರೋ ಶನಿ ಬಿಟ್ಟು ಹೋಗ್ಯಾರ."

"ನಮ್ಮಪ್ಪನ ಸಿಟ್ಟಿನಕಿಂತ ದೊಡ್ಡ ಶನಿ ಯಾವದೈತಿ ಬಿಡಬೇ," ಎಂದು ಕಸ್ತೂರಿ ನನ್ನೊಳಗೆ ಕಾಲಿಟ್ಟಳು. ಬೆರಳುಗಳು ಆರಾಮಾಗಿ ಹರಡಿಕೊಂಡವು. ಇದು ನನ್ನ ಕಾಲು ಎಂದು ನನಗೆ ಆಗಲೇ ಗೊತ್ತಾಯಿತು.

ಆ ಅಪ್ಪನ ಕಥೆ ತಿಳಿದದ್ದು ಧಾರವಾಡದ ಅವರ ಮನೆಯ ಹೊಸ್ತಿಲ ಹೊರಗೆ ಕೂತು, ಗಂಡ ಹೆಂಡತಿಯ ಮಾತು ಕೇಳಿ. ಕಸ್ತೂರಿ ಹಳೇ ಹುಬ್ಬಳ್ಳಿಯ ಗದಿಗೆಪ್ಪನ ಮಗಳು. ಗದಿಗೆಪ್ಪ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿ ನಿವೃತ್ತನಾದವನು. ಹರೆಯದಲ್ಲಿ ಕಸ್ತೂರಿ ಧಾರವಾಡದ ಶಾಲೆಯೊಂದರ ಡ್ರಿಲ್ ಮಾಸ್ತರ ವಿಕ್ಟರನನ್ನು ಮೆಚ್ಚಿ, ಮನೆಯವರು ಒಪ್ಪದಿದ್ದಾಗ ಅವನೊಂದಿಗೆ ಹೊರಟುಹೋದಳು. ಹೋದದ್ದು ಬಸ್ಸಿನಲ್ಲಿ, ಸೀಟು ಸಿಕ್ಕಿ, ಕೂತುಕೊಂಡು. ಆದರೆ ನಮ್ಮ ಭಾಷೆಯಲ್ಲಿ ಹೀಗೆ ಹೋದ ಹೆಣ್ಣುಮಕ್ಕಳೆಲ್ಲ ಓಡಿಯೇ ಹೋಗಿರುತ್ತಾರೆ. ಅಂದಿನಿಂದ ತವರಿನಲ್ಲಿ ಆಕೆಗೆ ಹೆಸರಿಲ್ಲ. ಓಡಿ ಹೋದಾಕಿ, ಅಷ್ಟೇ. ಆ ವರ್ಷ ಮುದುಕನಿಗೆ ಎದೆನೋವು ಬಂದು ಹೋಗಿತ್ತು. ಒಮ್ಮೆ ಮಗಳನ್ನು ನೋಡು ಎಂದು ಕಸ್ತೂರಿಯ ಅಣ್ಣ ಅಂಗಲಾಚಿದಾಗ ಅವನು ಅಂದದ್ದು ಇಷ್ಟು: "ಓಡಿ ಹೋದಾಕಿ ಓಡಿಕೋತನ ಬರ್ಲಿ. ಆವಾಗ ಬಾಗಲಾ ತಗೀತೀನಿ."

ಅವನು ವ್ಯಂಗ್ಯಕ್ಕೆ ಅಂದದ್ದು. ಕಸ್ತೂರಿ ಅದನ್ನೇ ಹಿಡಿದುಕೊಂಡಳು.

"ಓಡಿಕೋತ ಬಾ ಅಂದಾನಲ್ಲ, ಓಡಿಕೋತನ ಹೋಗ್ತೀನಿ."

"ಹುಬ್ಬಳ್ಳಿ ಮಟಾ?" ವಿಕ್ಟರ್ ನಕ್ಕ. "ಚಿಗರಿ ಬಸ್ಸಿಗೆ ಹೋಗಿ ಅವರ ಓಣಿ ಸನ್ಯಾಕ ಇಳದು, ಅಲ್ಲಿಂದ ಓಡು. ಯಾರಿಗೆ ತಿಳೀತೈತಿ?"

"ನನಗ ತಿಳೀತೈತಿ."

ವಿಕ್ಟರನ ನಗು ನಿಂತಿತು. ಮರುದಿನ ಬೆಳಿಗ್ಗೆ ಸೈಕಲ್ಲಿಗೆ ಗಾಳಿ ಹೊಡೆದುಕೊಂಡು ಅವನೇ ಮೊದಲು ಸಿದ್ಧನಾಗಿದ್ದ.

ಮಳೆಗಾಲ ಹೋಗಿ ಚಳಿಗಾಲ ಬರುವವರೆಗೂ ತಾಲೀಮು ನಡೆಯಿತು. ಮೊದಮೊದಲು ಒಂದು ಲೈಟು ಕಂಬದವರೆಗೆ ಓಡುವುದು, ಮುಂದಿನದಕ್ಕೆ ನಡೆಯುವುದು. ಹಿಂದಿನಿಂದ ಸೈಕಲ್ ಮೇಲೆ ಮಾಸ್ತರನ ಕೂಗು: "ಸಪ್ಪಳಾ! ಸಪ್ಪಳಾ ಕೇಳಾಕತ್ತೈತಿ!" ಕಾಲು ಸಪ್ಪಳ ಮಾಡಿತೆಂದರೆ ತಪ್ಪಾಗಿ ಬಿತ್ತೆಂದೇ ಅರ್ಥ. ಮಾಸ್ತರ ಕೂಗಿ ಹೇಳಿದ್ದನ್ನು ನಾನು ಮೊದಲೇ ಅಂಗಾಲಿಗೆ ಮುಟ್ಟಿಸಿರುತ್ತಿದ್ದೆ, ಹೆಸರು ಮಾತ್ರ ಅವನಿಗೆ. ಈ ಕಾಲು ಕೇಳಿತು. ಹಿಮ್ಮಡಿಯ ಗುದ್ದು ನಿಂತಿತು, ಹೆಜ್ಜೆ ಮೈಯ ಕೆಳಗೇ ಬೀಳತೊಡಗಿತು, ದಾರಿ ವಾರದಿಂದ ವಾರಕ್ಕೆ ಉದ್ದವಾಯಿತು. ಓಣಿಯ ಹೆಂಗಸರು ಬಾಯಿಗೆ ಸೆರಗು ಹಿಡಿದು, "ಈ ವಯಸ್ಸಿನಾಗ ಮತ್ತ ಎಲ್ಲಿಗೆ ಓಡಿ ಹೊಂಟಿಯವಾ?" ಎಂದರೆ, "ತವರಮನಿಗೆ," ಎಂದು ಹೇಳಿ ಮುಂದಕ್ಕೆ ಓಡುತ್ತಿದ್ದಳು.

ಒಂದು ಭಾನುವಾರ, ಸೂರ್ಯ ಹುಟ್ಟುವ ಹೊತ್ತಿಗೆ ಹೊರಟೆವು. ಸತ್ತೂರು ದಾಟಿತು, ನವನಗರ ದಾಟಿತು. ಚಿಗರಿ ಬಸ್ಸುಗಳು ಒಂದಾದ ಮೇಲೊಂದು ತಣ್ಣಗೆ ನಮ್ಮನ್ನು ಹಿಂದೆ ಹಾಕಿದವು. ಹೆಸರಿಗೆ ಚಿಗರಿ, ಅಂದರೆ ಜಿಂಕೆ, ಓಡುವುದು ಗಾಲಿಯ ಮೇಲೆ! ಉಣಕಲ್ ಕೆರೆಯ ಬಳಿ ಒಂದು ಚೂಪು ಕಲ್ಲು ನನ್ನ ಎಡ ಅಟ್ಟೆಯನ್ನು ಸೀಳಿತು. ಕಸ್ತೂರಿ ಹಲ್ಲು ಕಚ್ಚಿದಳು. ವಿಕ್ಟರ್ ಸೈಕಲ್ ನಿಲ್ಲಿಸಿ, "ಸಾಕು, ಹತ್ತು," ಎಂದ. ಅವಳು ಹತ್ತಲಿಲ್ಲ. ನಾನೂ ಬಿಟ್ಟುಕೊಡಲಿಲ್ಲ. ಹರಿದವನು ಎಂದು ಅನ್ನಿಸಿಕೊಂಡೇನು, ಕೈಕೊಟ್ಟವನು ಎಂದು ಅನ್ನಿಸಿಕೊಳ್ಳಲಾರೆ.

ಹಳೇ ಹುಬ್ಬಳ್ಳಿಯ ಓಣಿಯ ತುದಿಯಲ್ಲೇ ವಿಕ್ಟರ್ ನಿಂತುಬಿಟ್ಟ. ಗದಿಗೆಪ್ಪ ಕಟ್ಟೆಯ ಮೇಲೆ ಕೂತಿದ್ದ. ಮಗಳು ಏದುಸಿರು ಬಿಡುತ್ತ ಎದುರು ನಿಂತಾಗ ಅವನು ಎದ್ದು ಬಾಗಿಲಿಗೆ ಅಡ್ಡಲಾಗಿ ನಿಂತ.

"ಚಿಗರಿ ಬಸ್ಸಿಗೆ ಬಂದು, ಮಾರಿಗೆ ನೀರು ಹಚ್ಕೊಂಡು ನಾಟಕಾ ಮಾಡ್ತಿ?"

ಕಸ್ತೂರಿ ನನ್ನನ್ನು ಕಳಚಿ ಹೊಸ್ತಿಲ ಹೊರಗಿಟ್ಟು, ಗೋಡೆ ಹಿಡಿದು ನಿಂತಳು. ನನಗೆ ಬಾಯಿ ಇದ್ದೂ ಕೂಗಲಾಗದ ಸಂಕಟ. ನೋಡು ಮುದುಕಾ, ನನ್ನನ್ನು ತಿರುವಿ ನೋಡು!

ಅವನು ನೋಡಿದ. ಜೀವಮಾನವೆಲ್ಲ ಸವೆದ ಭಾಗ ನೋಡಿಯೇ ಯಂತ್ರ ಎಷ್ಟು ದುಡಿದಿದೆ ಎಂದು ಹೇಳಿದ ಫಿಟ್ಟರ್ ಅವನು. ಬಾಗಿ, ಮಗಳ ಕಾಲಿನ ಮೆಟ್ಟನ್ನು ಬರಿಗೈಯಲ್ಲಿ ಎತ್ತಿಕೊಂಡ. ಮುಂಗಾಲಿನ ಸವೆತದ ಮೇಲೆ ಹೆಬ್ಬೆರಳು ಆಡಿಸಿದ. ಬೆವರಿನ ಬಿಸಿ ಇನ್ನೂ ಆರಿರಲಿಲ್ಲ. ಸೀಳಿನಲ್ಲಿ ಬೆರಳು ತೂರಿಸಿದ, ಅದು ಅಟ್ಟೆ ದಾಟಿ ಬೂಟಿನೊಳಗೇ ಹೋಯಿತು, ಹೊರತೆಗೆದಾಗ ತುದಿಗೆ ಮಗಳ ಕಾಲಿನ ರಕ್ತ ಹತ್ತಿತ್ತು.

ಆಮೇಲೆ ನನ್ನನ್ನು ಎದೆಗವಚಿಕೊಂಡು ಒಳಗೆ ನಡೆದ. ಹತ್ಯಾರದ ಟ್ರಂಕಿನಲ್ಲಿ ಸ್ಪ್ಯಾನರುಗಳ ನಡುವೆ ಇಟ್ಟು ಕೀಲಿ ಜಡಿದ.

"ಇನ್ನ ಹೆಂಗ ಓಡಿ ಹೋಗ್ತಿ, ನಾನೂ ನೋಡ್ತೀನಿ," ಎಂಬ ಮಾತು ನನಗೆ ಟ್ರಂಕಿನೊಳಗೆ ಕೇಳಿಸಿತು. "ಬಾ ಒಳಗ, ಕಸ್ತೂರಿ. ಆ ಮಾಸ್ತರಗೂ ಕರಿ, ಬಿಸಿಲಾಗ ನಿಂತಾನ."

ಅಂದಿನಿಂದ ನಾನು ಇಲ್ಲೇ ಇದ್ದೇನೆ, ಎಣ್ಣೆ ವಾಸನೆಯ ನಡುವೆ. ಒಣಗಿ ಸೆಟೆದಿದ್ದೇನೆ, ಅಂಚು ಬಿಟ್ಟಿದೆ. ಮರುಗಬೇಡಿ. ಯಾವ ದಪ್ಪ ಬೂಟು ಮನೆಯೊಳಗೆ ಇಷ್ಟು ಮರ್ಯಾದೆಯಿಂದ ಕೂತಿದೆ, ತೋರಿಸಿ. ನನ್ನನ್ನು ಕೂಡಿಹಾಕಿ ಮಗಳನ್ನು ಹಿಡಿದಿಟ್ಟಿದ್ದೇನೆ ಎಂದುಕೊಂಡಿದ್ದಾನೆ ಗದಿಗೆಪ್ಪ. ಕಾಲಿಗೆ ಬಲ ಬರುವವರೆಗೆ ಮಾತ್ರ ನನ್ನಂಥವನು ಬೇಕು ಎಂಬುದು ಅವನಿಗೆ ತಿಳಿಯದು. ಕಸ್ತೂರಿ ಈಗ ಯಾವುದೋ ಅಗ್ಗದ ಕ್ಯಾನ್ವಾಸ್ ಹಾಕಿಕೊಂಡು ಓಡಿ ಬರುತ್ತಾಳೆ, ರೊಟ್ಟಿ ತಿಂದು, ಅಪ್ಪನೊಂದಿಗೆ ಜಗಳವಾಡಿ, ಸಂಜೆಯ ಬಸ್ಸಿಗೆ ಹೋಗುತ್ತಾಳೆ. ಅವಳು ಹೊರಟು ನಿಂತಾಗಲೆಲ್ಲ ಮುದುಕನ ಕೈ ಉಡದಾರದ ಕೀಲಿಯನ್ನು ತಡವುವ ಸದ್ದು ಕೇಳುತ್ತದೆ. ಹೆದರಬೇಡ ಮುದುಕಾ. ಟ್ರಂಕು ತೆರೆದಿಟ್ಟರೂ ಅವಳು ಬರುತ್ತಾಳೆ.